ಅವ್ವನ ಅಜವಾನದ ಅರ್ಕ

ನಾನು ಚಿಕ್ಕವಳಿದ್ದಾಗ ಕುಷ್ಟಗಿ ಕಡೆಯ ನಮ್ಮೂರು ನಿಜಾಮರ ಆಡಳಿತದಲ್ಲಿತ್ತು, ಮಕ್ಕಳೇ. ಹೊಟ್ಟೆನೋವು ಬಂದರೆ ಡಾಕ್ಟರು ಎಲ್ಲಿಂದ ಬರಬೇಕು? ಇಡೀ ಓಣಿಗೆ ಅವ್ವ ಭಟ್ಟಿ ಇಳಿಸುತ್ತಿದ್ದ ಅಜವಾನದ ಅರ್ಕವೇ ಔಷಧ. ಹೊಲದಲ್ಲಿ ಬೆಳೆದ ಅಜವಾನ ಕುಟ್ಟಿ, ಗಡಿಗೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದಳು. ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ಬಿದಿರ ಕೊಳವೆಯಿಂದ ಹಬೆಯನ್ನು ತಣ್ಣೀರಿನಲ್ಲಿಟ್ಟ ಚೆಂಬಿಗೆ ಹಾಯಿಸುತ್ತಿದ್ದಳು. ಹನಿಹನಿಯಾಗಿ ಬಿದ್ದ ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಸಾಕು, ಕಣ್ಣಲ್ಲಿ ನೀರು! ಆ ಎಣ್ಣೆಯನ್ನು ಕುಸುಬಿ ಎಣ್ಣೆಗೆ ಬೆರೆಸಿ ಗಾಯಕ್ಕೆ ಹಚ್ಚಿದರೆ ಕೀವಾಗುತ್ತಿರಲಿಲ್ಲ.

ಒಂದು ದಿನ ನನ್ನ ತಮ್ಮ ಬೆಳಗಿನಿಂದ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಮನೆಯಲ್ಲಿ ಅರ್ಕ ಮುಗಿದಿತ್ತು. ಅವ್ವ ಗಡಬಡಿಸಿ ಗಡಿಗೆ ಏರಿಸಿದಳು. ಚೆಂಬು ಅರ್ಧ ತುಂಬುವಷ್ಟರಲ್ಲಿ ಅಬಕಾರಿ ಸಾಹೇಬ ಜವಾನನ ಜೊತೆ ಒಳಗೇ ನುಗ್ಗಿದ.

"ಸಾರಾಯಿ ಕಾಸಾಕ ಹತ್ತೀರೇನು?"

"ಅಯ್ಯ, ಇಲ್ಲರೀ ಸಾಹೇಬರ, ಅಜವಾನದ ಅರ್ಕರೀ. ಹುಡುಗಂಗ ಹೊಟ್ಟಿ ಕಡ್ಯಾಕ ಹತ್ತೈತ್ರಿ. ಒಂದು ಗುಟುಕು ಕುಡದು ನೋಡ್ರಿ," ಎಂದಳು ಅವ್ವ.

"ನೌಕರಿ ಮ್ಯಾಲಿದ್ದಾಗ ನಾ ಸಾರಾಯಿ ಮುಟ್ಟೂದಿಲ್ಲ!"

ಕೇಳಿದಿರಾ? ಕುಡಿದರೆ ತಾನೇ ಅದು ಸಾರಾಯಿ ಅಲ್ಲವೆಂದು ಗೊತ್ತಾಗುವುದು? ಸಾರಾಯಿ ಎಂದೇ ಇವನು ಕುಡಿಯಲೊಲ್ಲ! ಓಣಿಯೆಲ್ಲ ಘಮಘಮ ಎನ್ನುತ್ತಿತ್ತು, ಆ ಮನುಷ್ಯನಿಗೆ ಮೂಗಾದರೂ ಇತ್ತೋ ಇಲ್ಲವೋ.

"ವಾಸನಿ ಅಜವಾನದ್ದ ಐತ್ರಿ," ಎಂದ ಜವಾನ, ಮೆಲ್ಲಗೆ.

"ಸಾರಾಯಿ ವಾಸನಿ ಮುಚ್ಚಾಕ ಹಾಕ್ಯಾರ, ಸುಮ್ಮನಿರು!" ಎಂದು ಸಾಹೇಬ ಗಡಿಗೆಯನ್ನು ಬೂಟಿನಿಂದ ಒದ್ದ. ಚೆಂಬನ್ನು ನೆಲಕ್ಕೆ ಸುರಿದ. ತಮ್ಮ ಚೀರುತ್ತಲೇ ಇದ್ದ.

"ನಿನ್ನ ಹೊಟ್ಟಿ ಕಡದಾಗ ಗೊತ್ತಾಕ್ಕೈತಿ!" ಎಂದು ನಾನು ಕೂಗಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ತಮ್ಮ ಎರಡು ದಿನ ಒದ್ದಾಡಿ ಮೂರನೆಯ ದಿನ ಎದ್ದು ಕುಳಿತ. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ಈಗ ನೀವು ಶಾಲೆಯ ಲ್ಯಾಬಿನಲ್ಲಿ ಗಾಜಿನ ಕೊಳವೆಯಿಂದ ಹಬೆ ಹಾಯಿಸಿ ಇದೇ ಎಣ್ಣೆ ಇಳಿಸುತ್ತೀರಿ. ಅದರಲ್ಲಿ ಥೈಮಾಲ್ ಇದೆ, ಅದು ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಬರೆದು, ಅಂಕ ತಗೊಂಡು, ಓಡಿ ಬಂದು ನನಗೆ ತೋರಿಸುತ್ತೀರಿ. ಭಾಳ ಛಲೋ ಆತು. ನಮ್ಮವ್ವ ಅದೇ ಕೆಲಸಕ್ಕೆ ಅಪ್ಪನ ಜೊತೆ ಅಬಕಾರಿ ಕಚೇರಿಗೆ ಹೋಗಿ, ಅವಳಿಗೆ ಓದಲು ಬಾರದ ಉರ್ದು ಕಾಗದದ ಮೇಲೆ, ಇನ್ನು ಮುಂದೆ ಸಾರಾಯಿ ಕಾಯಿಸುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿ ಬಂದಳು.