ಭೂಕಂಪ ಸರಿಸಿದ ಬದು

“ಬದು ನಾ ಸರಿಸಿಲ್ರಿ ಸರ, ಭೂಕಂಪ ಸರಿಸೈತಿ. ಅಷ್ಟು ಬರ್ದು ಸಹಿ ಮಾಡಿಕೊಡ್ರಿ ಸಾಕು” ಎಂದು ಹುಲುಗಪ್ಪ ನನ್ನ ಮುಂದೆ ಬಿಳಿ ಹಾಳೆ ಹಿಡಿದ.

ಚೋರನೂರಿನಲ್ಲಿ ಅವನ ಹೊಲದ ಬಂಡೆಯ ಮೇಲೆ ನಾನು ಜಿಪಿಎಸ್ ಯಂತ್ರ ಕೂರಿಸಿ ಎರಡು ದಿನವಾಗಿತ್ತು. ಎಲ್ಲೋ ದೂರದಲ್ಲಿ ದೊಡ್ಡ ಭೂಕಂಪವಾದರೆ, ನಮ್ಮ ಕಡೆಯ ನೆಲವೂ ಸರಿದಿದೆಯೇ ಎಂದು ಉಪಗ್ರಹಗಳ ನೆರವಿನಿಂದ ಅಳೆಯುವುದು ನನ್ನ ಕೆಲಸ. ಇದನ್ನು ಹುಲುಗಪ್ಪನಿಗೆ ಬಿಡಿಸಿ ಹೇಳಿದ್ದೇ ನಾನು ಮಾಡಿದ ತಪ್ಪು.

ಪಕ್ಕದ ಹೊಲದ ಈರಣ್ಣ ಆ ಬದುವಿನ ಮೇಲೆಯೇ ನಿಂತಿದ್ದ. “ಅಲ್ರಿ ಸರ, ಭೂಕಂಪ ಪ್ರತಿ ಸಲ ನನ್ ಹೊಲದ ಕಡೀಗೇ ಯಾಕ ಸರಿಸ್ತೈತಿ? ಒಮ್ಮ್ಯರ ಅವನ ಕಡೀಗೆ ಸರಿಸಬೇಕಲ್ರಿ?”

ಲ್ಯಾಪ್‌ಟಾಪ್ ತೆಗೆದು, ಹಿಂದಿನ ತಿಂಗಳು ದೂರದಲ್ಲಾಗಿದ್ದ ಭೂಕಂಪಕ್ಕೆ ಮುಂಚಿನ ಅಳತೆಯೊಂದಿಗೆ ಹೋಲಿಸಿ ನೋಡಿದೆ. ನೆಲ ಸರಿದಿದ್ದು ಒಂದು ಜೋಳದ ಕಾಳಿನಷ್ಟು. ಅದೂ ಬಂಡೆ, ಬದು, ಇಬ್ಬರ ಹೊಲ ಎಲ್ಲವೂ ಒಟ್ಟಿಗೇ ಸರಿದಿದ್ದವು. ಆದರೆ ಹಳೆಯ ಗಡಿಕಲ್ಲಿನಿಂದ ಅಳೆದರೆ, ಬದು ಈರಣ್ಣನ ಹೊಲದೊಳಗೆ ಹೋಗಿದ್ದು ಬರೋಬ್ಬರಿ ಒಂದು ಮೊಳ. ಇಬ್ಬರಿಗೂ ಅದನ್ನೇ ಹೇಳಿದೆ.

ಹುಲುಗಪ್ಪ ಸ್ವಲ್ಪವೂ ಕುಗ್ಗಲಿಲ್ಲ. “ಕಾಳಿನಷ್ಟರ ಸರಿದೈತಿ ಹೌದಲ್ರಿ? ಅಷ್ಟ ಬರ್ಕೊಡ್ರಿ. ಉಳಿದದ್ದು ನಾ ನೋಡ್ಕೊಂತೀನಿ.”

ಸಹಿ ಹಾಕದೆ ಯಂತ್ರ ಕಳಚಿಕೊಂಡು ಹೊಸಪೇಟೆಗೆ ಬಂದೆ. ವರದಿಯಲ್ಲಿ ‘ಚೋರನೂರು: ಗಮನಾರ್ಹ ಚಲನೆ ಇಲ್ಲ’ ಎಂದು ಬರೆಯುವಾಗ ಮಾತ್ರ, ಒಂದು ಮೊಳ ಹೊಲ ಕಳೆದುಕೊಂಡು ಬದುವಿನ ಮೇಲೆ ನಿಂತಿದ್ದ ಈರಣ್ಣ ನೆನಪಾದ.