ಬೇಸಿಗೆಯಲ್ಲಿ ನೆಟ್ಟ ಕೋಸು

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗಾರ್ಡನ್ ಸೂಪರ್‌ವೈಸರ್. ಬಿಎಸ್ಸಿ ಅಗ್ರಿ ಓದಿದವನೆಂಬ ಜಂಬ ಮೈತುಂಬ ಇತ್ತು. ನನ್ನ ಕೈಕೆಳಗಿನ ಆರು ಜನರಲ್ಲಿ ಸಿದ್ದಮ್ಮನೇ ಹಿರಿಯಳು. ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ದುಡಿಯುತ್ತಿದ್ದಳು.

ಆ ಫೆಬ್ರವರಿಯಲ್ಲಿ ನಮ್ಮ ಜನರಲ್ ಮ್ಯಾನೇಜರ್ ವಿದೇಶದ ಹೆಡ್ ಆಫೀಸಿಗೆ ಹೋಗಿಬಂದರು. ಬರುವಾಗ ಅಲ್ಲಿನ ಎಲೆಕೋಸಿನ ಬೀಜದ ನಾಲ್ಕು ಪೊಟ್ಟಣ ತಂದರು. ಜೂನ್‌ನಲ್ಲಿ ಅಲ್ಲಿಯವರು ನಮ್ಮಲ್ಲಿಗೆ ಬರುವವರಿದ್ದರು. ಅವರೂರಿನ ಕೋಸನ್ನು ನಮ್ಮ ತೋಟದಲ್ಲಿ ತೋರಿಸಬೇಕೆಂದು ಸಾಹೇಬರ ಆಸೆ. "ಕೋಸು ಚೆನ್ನಾಗಿ ಬಂದರೆ ಸಿದ್ದಮ್ಮನನ್ನು ಖಾಯಂ ಮಾಡೋಣ," ಅಂತ ಅವಳ ಎದುರಿಗೇ ಹೇಳಿದರು. ಪಾಪ, ಅವಳ ಮುಖ ಅರಳಿತು.

ಪೊಟ್ಟಣದ ಮೇಲೆ ವಸಂತದಲ್ಲಿ ನೆಡಿ ಎಂದು ಅಚ್ಚಾಗಿತ್ತು. ನಮಗೂ ವಸಂತ ಬಂತಲ್ಲ ಎಂದುಕೊಂಡು, ಸಸಿ ಮಡಿ ಮಾಡಿ ಮೂರು ಪೊಟ್ಟಣದ ಬೀಜ ಹಾಕಿಸಿದೆ. ಹಿಮ ಬೀಳುವ ದೇಶದ ವಸಂತವೆಂದರೆ ನಮ್ಮ ಡಿಸೆಂಬರಿಗಿಂತ ತಣ್ಣಗೆ ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ. ಮಾರ್ಚ್‌ನಲ್ಲಿ ಸಸಿ ಕಿತ್ತು ನೆಡುವ ದಿನ ಸಿದ್ದಮ್ಮ ಗುದ್ದಲಿ ಹಿಡಿದು ನಿಂತೇಬಿಟ್ಟಳು.

"ಈಗ ಬ್ಯಾಡ ಕಣ್ರೀ ಸಾರ್. ಬಿಸ್ಲಿಗೆ ಬರೀ ಎಲೆ ಬುಡ್ತದೆ, ಗಡ್ಡೆ ಕಟ್ಟಲ್ಲ. ದಸರಾ ಕಳದ್ಮೇಲೆ ನೆಟ್ರೆ ಸಂಕ್ರಾಂತಿ ವತ್ಗೆ ಬತ್ತದೆ. ಸಾಹೇಬ್ರಿಗೆ ಒಂದ್ಮಾತು ಹೇಳ್ಬುಡಿ."

"ಬಿಎಸ್ಸಿ ಓದಿದ್ದು ನೀನೋ ನಾನೋ?" ಅಂದೆ. ಉಳಿದವರು ಕಿಸಕ್ಕನೆ ನಕ್ಕರು. ಅವಳು ಬಗ್ಗಿ ನೆಟ್ಟಳು.

ಏಪ್ರಿಲ್ ಬಿಸಿಲು ಕುಲುಮೆಯ ಹಾಗೆ ಕಾದಿತ್ತು. ದಿನಕ್ಕೆ ಮೂರು ಸಲ ನೀರು ಹೊತ್ತಳು, ಹಳೇ ಸೀರೆ ಕಟ್ಟಿ ನೆರಳು ಮಾಡಿದಳು, ಎಲೆಯ ಹುಳುವನ್ನು ಒಂದೊಂದಾಗಿ ಕೈಯಲ್ಲೇ ಆರಿಸಿದಳು. ಆದರೂ ಹೆಡ್ ಫಾರ್ಮೇಶನ್, ಅಂದರೆ ಎಲೆ ಒಳಸುತ್ತಿ ಗಡ್ಡೆಯಾಗುವುದು, ಒಂದು ಗಿಡದಲ್ಲೂ ಆಗಲಿಲ್ಲ. ಜೂನ್‌ನಲ್ಲಿ ಬಂದ ಅತಿಥಿಗಳು ಆ ಸೊಪ್ಪಿನ ಸಾಲು ನೋಡಿ ಮುಸಿಮುಸಿ ನಕ್ಕರು. ಸಾಹೇಬರು ಕೆಂಡಾಮಂಡಲವಾಗಿ ನನ್ನಿಂದ ರಿಪೋರ್ಟ್ ಕೇಳಿದರು.

ನಿಜ ಬರೆದಿದ್ದರೆ ನನಗೊಂದು ಮೆಮೊ ಬರುತ್ತಿತ್ತು, ಅಷ್ಟೆ. ಎರಡು ವರ್ಷದಲ್ಲಿ ಹಾರ ಹಾಕಿಸಿಕೊಂಡು ಹೋಗುವವನಿಗೆ ಅದೂ ಬೇಡವಾಗಿತ್ತು. ನೆಟ್ಟ ತಿಂಗಳನ್ನು ನಮೂದಿಸಲೇ ಇಲ್ಲ. "ಕೆಲಸಗಾರ್ತಿ ಸಿದ್ದಮ್ಮ ನೀರು ಮತ್ತು ಕೀಟ ನಿರ್ವಹಣೆಯಲ್ಲಿ ನಿರ್ಲಕ್ಷ್ಯ ತೋರಿದ್ದಾರೆ," ಎಂದು ಬರೆದು ಸಹಿ ಹಾಕಿದೆ. ಥೂ, ನನ್ನ ಜನ್ಮಕ್ಕೆ!

ಖಾಯಂ ಹಾಗಿರಲಿ, ಇದ್ದ ಕೆಲಸವೂ ಹೋಯಿತು. ಗೇಟ್ ಪಾಸ್ ಒಪ್ಪಿಸಲು ಬಂದವಳು ಕೇಳಿದ್ದು ಒಂದೇ.

"ನಾನು ಬ್ಯಾಡ ಅಂದಿದ್ನಲ್ಲ ಸಾರ್, ಅದ್ನೂ ಬರುದ್ರಾ?"

"ಅದಕ್ಕೆ ಫಾರಂನಲ್ಲಿ ಜಾಗ ಇಲ್ಲಮ್ಮ," ಅಂದೆ.

ಅವಳು ಕೈ ಮುಗಿದು ಹೋದಳು.

ಉಳಿದ ಒಂದು ಪೊಟ್ಟಣವನ್ನು ದಸರಾ ಕಳೆದ ಮೇಲೆ, ಅವಳು ಹೇಳಿದ ಹೊತ್ತಿಗೇ, ಗುಟ್ಟಾಗಿ ನೆಡಿಸಿದೆ. ಸಂಕ್ರಾಂತಿಗೆ ಒಂದೊಂದೂ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಸಾಹೇಬರು ಎಲ್ಲರ ಮುಂದೆ ನನ್ನ ಕೈ ಕುಲುಕಿ, "ಓದಿದವರ ಕೆಲಸ ಅಂದ್ರೆ ಇದು," ಅಂದರು. "ಥ್ಯಾಂಕ್ಯೂ ಸಾರ್," ಅಂದೆ. ಗೊತ್ತಿಲ್ಲದೆ ಮಾಡಿದ ತಪ್ಪು ಒಂದು ಬೆಳೆಯನ್ನು ಕೆಡಿಸುತ್ತದೆ, ಗೊತ್ತಿದ್ದೂ ಬರೆದ ಸುಳ್ಳು ಒಬ್ಬರ ಅನ್ನವನ್ನೇ ಕಿತ್ತುಕೊಳ್ಳುತ್ತದೆ. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅದೇ ಕೋಸಿನ ಪಲ್ಯ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.