ವಾಲಿದ ಮನೆಯಲ್ಲೊಂದು ಸಮುದ್ರ

ನಮ್ಮ ಬೀದಿಯ ಮನೆಗಳೆಲ್ಲ ಚರ್ಚಿನ ಕಡೆಗೆ ವಾಲಿವೆ. ಭಕ್ತಿಯಿಂದಲ್ಲ. ನಮ್ಮ ಗಂಡಸರು ತಲೆತಲಾಂತರದಿಂದ ಅಡಿಯಲ್ಲಿದ್ದ ಕಲ್ಲಿದ್ದಲನ್ನೆಲ್ಲ ಅಗೆದು ಮೇಲೆ ಕಳಿಸಿದ್ದರಿಂದ. ಹೆರ್ನೆ ಎಂಬ ಊರಿನ ಈ ಗಣಿ ಕಾರ್ಮಿಕರ ಕಾಲೊನಿಯಲ್ಲಿ ಯಾರೂ ಬಟ್ಟಲಿಗೆ ಅಂಚಿನವರೆಗೆ ಕಾಫಿ ಸುರಿಯುವುದಿಲ್ಲ, ಮಕ್ಕಳ ಗೋಲಿ ತಾನಾಗಿಯೇ ಬಾಗಿಲಿಗೆ ಉರುಳುತ್ತದೆ. ಪಕ್ಕದ ಮನೆಯ ಎವಾಲ್ಡ್ ಕಾಚ್‌ಮಾರೆಕ್ ತನ್ನ ನಡುಮನೆಗೆ ಸಮುದ್ರ ತರುವವರೆಗೂ ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

ನಾನು ಊಲ್ಲಾ, ಮೂಲೆಯ ಗೂಡಂಗಡಿಯವಳು. ಬಿಯರು, ಪೇಪರು, ಮಕ್ಕಳಿಗೆ ಮಿಠಾಯಿ. ಕಿಂಡಿಯಲ್ಲಿ ಕೂತರೆ ಬೀದಿಯ ಸಮಾಚಾರವೆಲ್ಲ ನನ್ನ ಮುಂದೆಯೇ ಹಾಯಬೇಕು. ಹಾಗಾಗಿ ಎವಾಲ್ಡ್ ಸಾಕಿದ್ದ ಪಂದ್ಯದ ಪಾರಿವಾಳಗಳು ಹೋದ ದಿನವನ್ನೂ ನಾನು ನೋಡಿದ್ದೇನೆ. ಅವನ ಅರ್ಧ ಶ್ವಾಸಕೋಶವನ್ನು ಗಣಿಯೇ ತಿಂದಿತ್ತು. ಉಳಿದರ್ಧಕ್ಕೆ ಗರಿಯ ಧೂಳು ಆಗದು ಎಂದು ಡಾಕ್ಟರು ಹೇಳಿಬಿಟ್ಟರು. ಪಂದ್ಯದಲ್ಲಿ ಗೆದ್ದ ಹಕ್ಕಿಗಳನ್ನು ಬುಟ್ಟಿಗಳಲ್ಲಿ ಯಾರೋ ಒಯ್ದರು. ಅವನು ಅಂಗಳದಲ್ಲಿ ಖಾಲಿ ಗೂಡಿನ ಮುಂದೆ ನಿಂತೇ ಇದ್ದ. ಆಮೇಲೆ ಚಳಿಗಾಲವಿಡೀ ಕಿಟಕಿಯ ಹತ್ತಿರ ಕೂತಿದ್ದ. ಮಾತಾಡಿಸಿದರೆ "ಹ್ಞೂಂ" ಅನ್ನುತ್ತಿದ್ದ, ಅಷ್ಟೆ. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕುವ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಒಂದು ದಿನ ಕಿಂಡಿಗೆ ಬಂದು, "ಊಲ್ಲಾ, ಧೂಳೇ ಇಲ್ಲದ ಪ್ರಾಣಿ ಸಿಕ್ತು," ಎಂದ. ಅವನ ಹೆಂಡತಿ ಟ್ರೂಡೆ ಮಾತ್ರ ಸುಲಭಕ್ಕೆ ಬಗ್ಗುವವಳಲ್ಲ. ಪಿಂಗಾಣಿ ಬೀರುವನ್ನು ಸರಿಸಿ ಜಾಗ ಕೊಟ್ಟಳು, ಜೊತೆಗೆ ಷರತ್ತನ್ನೂ ಹಾಕಿದಳು.

"ಬೀರು ಜಾಗ ಬಿಟ್ಕೊಡ್ತು ಅಂತ ನಾನೂ ಬಿಟ್ಕೊಡ್ತೀನಿ ಅಂದ್ಕೋಬೇಡ. ನನ್ನ ಜಮಖಾನದ ಮೇಲೆ ಒಂದು ತೊಟ್ಟು ಉಪ್ಪುನೀರು ಬಿದ್ರೂ ನಿನ್ನ ಸಮುದ್ರಾನೂ ಹೊರಗೆ, ನೀನೂ ಹೊರಗೆ."

ಜಮಖಾನ ಅವಳ ತಾಯಿಯದು. ಅದರ ಮೇಲೆ ಬೂಟು ಹಾಕಿಕೊಂಡು ನಡೆಯಲು ಪಾದ್ರಿಗೂ ಅನುಮತಿ ಇರಲಿಲ್ಲ.

ಮೊದಲ ಸಲ ನೀರು ತುಂಬಿದಾಗ ನಾನೂ ಅಲ್ಲಿದ್ದೆ. ಎಡಗಡೆ ನೀರು ಅಂಚಿಗೆ ಬಂದಿತ್ತು, ಬಲಗಡೆ ಇನ್ನೂ ಎರಡು ಬೆರಳು ಕೆಳಗಿತ್ತು. ಎವಾಲ್ಡ್ ಬಗ್ಗಿ ನೋಡಿದ, ಎದ್ದು ನೋಡಿದ.

"ಇದು ನಾವೇ ಮಾಡಿದ್ದು," ಎಂದು ನೆಲದ ಕಡೆ ಬೆರಳು ತೋರಿಸಿದ. "ಕೆಳಗೆ ಏನೂ ಬಿಟ್ಟಿಲ್ಲ ನೋಡು."

ನೀರನ್ನೆಲ್ಲ ಬಸಿದು, ಓಕ್ ಮರದ ಬೆಣೆಗಳನ್ನು ಕೆತ್ತಿ, ಗಣಿಯಲ್ಲಿ ಚಾವಣಿ ಹೊರುವ ಮರದ ಕಂಬಕ್ಕೆ ಹೊಡೆಯುತ್ತಿದ್ದ ಹಾಗೆಯೇ ತೊಟ್ಟಿಯ ಮೇಜಿನ ಕಾಲುಗಳ ಅಡಿಗೆ ಹೊಡೆದ. ತೊಟ್ಟಿ ನೆಟ್ಟಗಾಯಿತು. ಟ್ರೂಡೆ ಸೊಂಟಕ್ಕೆ ಕೈಯಿಟ್ಟು ನೋಡಿ, "ಚೆನ್ನಾಯ್ತು. ಈಗ ನಿನ್ನ ಸಮುದ್ರ ನೆಟ್ಟಗಿದೆ, ನನ್ನ ಮನೆ ಸೊಟ್ಟ ಕಾಣ್ತಿದೆ," ಎಂದಳು.

ಆಮೇಲೆ ಬಂದದ್ದು ಕಾಯುವ ಕಾಲ. ಉಪ್ಪು ಕಲಸಿದ. ದಕ್ಷಿಣ ಸಮುದ್ರದ ಕಲ್ಲುಗಳು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಸಾಕುಮೀನಿನ ಅಂಗಡಿಯಿಂದ ಬಂದವು. ಅವುಗಳ ಸಂದುಗೊಂದುಗಳಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದಂತೆ, ಅದು ನೀರನ್ನು ಹದಕ್ಕೆ ತರುತ್ತದಂತೆ. ವಾರಗಟ್ಟಲೆ ಕಲ್ಲಿಗೆ ಕಂದು ಪಾಚಿ ಹತ್ತಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕಾಲೊನಿಯವರು ಬಂದು ನೋಡಿ, ನನ್ನ ಅಂಗಡಿಗೆ ಬಂದು ನಗುತ್ತಿದ್ದರು. ನಾನು ಅವರಿಗಿಂತ ಒಳ್ಳೆಯವಳೇನಲ್ಲ.

"ಏನಪ್ಪಾ ಎವಾಲ್ಡ್, ಕಲ್ಲು ಬೆಂದ್ವಾ? ಉಪ್ಪು ಹಾಕಿದ್ದೀಯ, ನೀರು ಕಾಯಿಸ್ತಿದ್ದೀಯ, ಆಲೂಗಡ್ಡೆ ಯಾವಾಗ?" ಎಂದು ಕೆಣಕಿದೆ.

"ನಗು, ನಗು. ಅವಸರ ಮಾಡಿದ್ರೆ ಎಲ್ಲಾ ಸಾಯುತ್ತೆ."

ಕೊನೆಗೆ ಅಂಗೈಯಗಲದ ಒಂದು ಹವಳ ತಂದ. ಎರಡು ದಿನ ಅದು ಹಳೆಯ ಕಾಲುಚೀಲದ ಹಾಗೆ ಮುದುಡಿ ಬಿದ್ದಿತ್ತು. ಮೂರನೆಯ ಬೆಳಿಗ್ಗೆ ಎವಾಲ್ಡ್ ಮನೆಚಪ್ಪಲಿಯಲ್ಲೇ ನನ್ನ ಅಂಗಡಿಗೆ ಓಡಿ ಬಂದ, ಉಸಿರು ಸಿಕ್ಕದೆ ಕಿಂಡಿ ಹಿಡಿದುಕೊಂಡು ನಿಂತ. "ಬಿಚ್ಕೊಂಡಿದೆ! ಕೈ ಬೀಸ್ತಿದೆ!" ಗಿರಾಕಿಯನ್ನು ಅಲ್ಲೇ ಬಿಟ್ಟು ಹೋಗಿ ನೋಡಿದೆ. ನಿಜವಾಗಿಯೂ ಬೀಸುತ್ತಿತ್ತು. ಎವಾಲ್ಡ್ ಪಾರಿವಾಳಗಳ ಕಾಲದಲ್ಲಿ ನಗುತ್ತಿದ್ದ ಹಾಗೆ ನಗುತ್ತಿದ್ದ. ನಾನು ಮೂಗು ಒರೆಸಿಕೊಂಡು ನೆಗಡಿ ಎಂದೆ.

ಆ ಭಾನುವಾರ ಕಾಫಿಗೆ ಕರೆದಿದ್ದರು. ಹೋದವರು ನಾನು, ಮತ್ತೆ ಬ್ರೂನೋ. ಬ್ರೂನೋ ಎವಾಲ್ಡನ ಜೊತೆ ಒಂದೇ ಪಾಳಿಯಲ್ಲಿ ದುಡಿದವನು. ಒಮ್ಮೆ ಗಣಿಯ ಚಾವಣಿ ಕುಸಿದು ಒಳಗೆ ಸಿಕ್ಕಿಕೊಂಡಿದ್ದ. ಈಚೆಯಿಂದ ಅಗೆದು ತೆಗೆದವರಲ್ಲಿ ಎವಾಲ್ಡ್ ಮೊದಲಿಗ. ಅಂದಿನಿಂದ ಪ್ರತಿ ಭಾನುವಾರ ಇಲ್ಲಿ ಕಾಫಿ ಕುಡಿಯುತ್ತಾನೆ, ಮಾತು ಮಾತ್ರ ಆಡುವುದಿಲ್ಲ. ಟ್ರೂಡೆ ಪ್ಲಮ್ ಹಣ್ಣಿನ ಕೇಕು ಕೊಯ್ದಳು. ಎವಾಲ್ಡ್ ಹವಳದ ಪುರಾಣ ಶುರುಮಾಡಿದ್ದ.

ಟಕ್!

ಗಾಜಿಗೆ ಸುತ್ತಿಗೆ ಬಿದ್ದಂಥ ಸದ್ದು. ಗಂಡಸರಿಬ್ಬರ ತಲೆಗಳು ಒಟ್ಟಿಗೆ ಮೇಲೆದ್ದವು. ಇನ್ನೊಂದು ಸಲ ಟಕ್ ಅಂದದ್ದೇ ತಡ, "ಹೊರಗೆ!" ಎಂದು ಎವಾಲ್ಡ್ ಕೂಗಿದ. ಬ್ರೂನೋ ನನ್ನ ತೋಳು ಹಿಡಿದ, ಎವಾಲ್ಡ್ ಟ್ರೂಡೆಯ ತೋಳು ಹಿಡಿದ. ನಾಲ್ವರೂ ಬೀದಿಯಲ್ಲಿದ್ದೆವು. ನನ್ನ ಕೈಯಲ್ಲಿ ಫೋರ್ಕು, ಬಾಯಲ್ಲಿ ಕೇಕು. ಎದುರುಮನೆಯ ಪರದೆಗಳೆಲ್ಲ ಸರಿದವು.

"ಏನು ಹುಚ್ಚು ಹಿಡೀತಾ ನಿಮಗೆ?" ಎಂದಳು ಟ್ರೂಡೆ.

"ಕಂಬ ಮುರಿಯೋ ಮುಂಚೆ ಹೀಗೇ ಅನ್ನುತ್ತೆ," ಎಂದ ಎವಾಲ್ಡ್. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಬೆಣೆ ಜಾಸ್ತಿ ಬಿಗಿಯಾಗಿದೆ, ಗಾಜು ಸೀಳ್ತಿದೆ. ಇವತ್ತೇ ಖಾಲಿ ಮಾಡ್ತೀನಿ. ಸಾಕು ನನಗೆ."

"ಆ ಹವಳ?" ಎಂದೆ ನಾನು.

ಅವನು ಮನೆಯ ಕಡೆ ಮುಖ ಮಾಡಿ ನಿಂತ. ಖಾಲಿ ಗೂಡಿನ ಮುಂದೆ ನಿಂತಿದ್ದ ಅದೇ ನಿಲುವು. ಮತ್ತೆ ಕಿಟಕಿ, ಮತ್ತೆ "ಹ್ಞೂಂ" ಎಂದುಕೊಂಡೆ. ಟ್ರೂಡೆಯೂ ಅವನನ್ನೇ ನೋಡುತ್ತಿದ್ದಳು. "ನನ್ನ ಕೇಕು ಒಳಗಿದೆ," ಎಂದವಳೇ, ನಾವು ಬೇಡ ಬೇಡ ಎನ್ನುತ್ತಿದ್ದರೂ ಒಳಗೆ ನುಗ್ಗಿದಳು.

ನಾವು ಬೀದಿಯಿಂದಲೇ ಕೂಗಿ ಕರೆದೆವು. ಆಮೇಲೆ ಕಿಟಕಿ ತೆರೆದು ಅವಳ ತಲೆ ಹೊರಬಂತು.

"ಎವಾಲ್ಡ್! ಗಾಜಿಗೇನೂ ಆಗಿಲ್ಲ ಕಣೋ. ಕಲ್ಲಿನೊಳಗೆ ಯಾರೋ ಇದ್ದಾರೆ!"

ಬೆರಳುದ್ದದ ಸಿಗಡಿ. ಕಲ್ಲಿನ ತೂತಿನಲ್ಲಿ ಬಚ್ಚಿಟ್ಟುಕೊಂಡು ಊರೂರು ದಾಟಿ ಬಂದಿತ್ತು. ಅದರ ಇಕ್ಕಳದಂಥ ಕೈಗಳಲ್ಲಿ ಒಂದು ಸಣ್ಣದು, ಇನ್ನೊಂದು ಬಾಕ್ಸಿಂಗ್ ಕೈಗವಸು ತೊಟ್ಟಂತೆ ದಪ್ಪ. ಆ ದಪ್ಪ ಇಕ್ಕಳ ಪಟ್ಟನೆ ಮುಚ್ಚಿದರೆ ಟಕ್! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎವಾಲ್ಡ್ ನಗಲಿಲ್ಲ.

ಕಾರಣ ತಿಳಿದರೂ ಮೈ ಕೇಳಬೇಕಲ್ಲ. ವಾರವೆಲ್ಲ ಟಕ್ ಅಂದಾಗಲೆಲ್ಲ ಅವನು ಕುರ್ಚಿಯಿಂದ ಎದ್ದುಬಿಡುತ್ತಿದ್ದ. ಊಟದ ನಡುವೆ ಚಮಚ ಬೀಳಿಸುತ್ತಿದ್ದ. ಕಲ್ಲು ಮಾರಿದ ಅಂಗಡಿಯವನನ್ನು ಕೇಳಿದ್ದಕ್ಕೆ, ಬಾಟಲಿಯಲ್ಲಿ ಮೀನಿನ ತುಣುಕಿಟ್ಟು ಹಿಡಿದು ಎಸೆಯಿರಿ ಎಂದನಂತೆ. "ಅದು ಇರ್ಬೇಕು, ಇಲ್ಲಾ ನಾನು ಇರ್ಬೇಕು," ಎಂದು ಎವಾಲ್ಡ್ ನನ್ನ ಕಿಂಡಿಯಲ್ಲಿ ಹೇಳಿದ. "ಹಿಡಿಯೋಕಾಗ್ಲಿಲ್ಲ ಅಂದ್ರೆ ತೊಟ್ಟೀನೇ ಕೊಟ್ಬಿಡ್ತೀನಿ."

ಮುಂದಿನ ಭಾನುವಾರ ನಾವು ಹೋದಾಗ ಸಿಗಡಿ ಬಾಟಲಿಯಲ್ಲಿತ್ತು. ಬಾಟಲಿ ಕಾಫಿ ಮೇಜಿನ ಮೇಲಿತ್ತು.

"ಟಾಯ್ಲೆಟ್ಟಿಗೆ ಹಾಕ್ತೀಯೋ, ಬೆಣ್ಣೇಲಿ ಹುರೀಲೋ?" ಎಂದಳು ಟ್ರೂಡೆ. ತಮಾಷೆ ಮಾಡಲು ನೋಡಿದಳು, ಯಾರೂ ನಗಲಿಲ್ಲ.

ಬಾಟಲಿಯೊಳಗಿಂದ ಸಣ್ಣಗೆ ಟಕ್ ಅಂತು. ಸ್ವಲ್ಪ ಬಿಟ್ಟು ಮತ್ತೆ ಟಕ್.

ಬ್ರೂನೋ ಫೋರ್ಕು ಕೆಳಗಿಟ್ಟ. "ನಾನೂ ಹೀಗೇ ಬಡೀತಿದ್ದೆ," ಎಂದ.

ನಾವು ಮೂವರೂ ಅವನ ಕಡೆ ತಿರುಗಿದೆವು. ಆ ಮನೆಯಲ್ಲಿ ಅವನು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಚಾವಣಿ ಬಿದ್ದಾಗ. ಗಾಳಿಕೊಳವೆಗೆ, ಕಲ್ಲಿನಿಂದ. ಬೇರೆಯವರೆಲ್ಲ ಕಂಬ ಮುರೀತಿದೆ, ಹಿಂದೆ ಸರೀರಿ ಅಂದ್ರಂತೆ. ನೀನು ಕೊಳವೆಗೆ ಕಿವಿ ಇಟ್ಟು, ಅಲ್ಲ, ಅದು ಬ್ರೂನೋ ಅಂದ್ಯಂತೆ." ಕಾಫಿ ಬಟ್ಟಲನ್ನು ಎತ್ತಿಕೊಂಡ. "ಅಷ್ಟೆ. ಇನ್ನು ನಿನ್ನಿಷ್ಟ."

ಎವಾಲ್ಡ್ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಅದನ್ನೆತ್ತಿ ಕಿವಿಗೆ ಹಿಡಿದ. ಟಕ್ ಅಂತು. ಈ ಸಲ ಅವನು ಬೆಚ್ಚಲಿಲ್ಲ.

"ಇದ್ದಾನೆ," ಎಂದ.

ಎದ್ದು ಅಂಗಿಯ ತೋಳು ಮಡಚಿ, ಕೈಯನ್ನು ಭುಜದವರೆಗೂ ತೊಟ್ಟಿಗಿಳಿಸಿ ಬಾಟಲಿಯ ಬಾಯಿ ಕಲ್ಲಿನ ಕಡೆಗೆ ತಿರುಗಿಸಿದ. ಸಿಗಡಿ ಹಿಂದುಹಿಂದಕ್ಕೆ ಹಾರಿ ತನ್ನ ತೂತು ಸೇರಿಕೊಂಡಿತು. ಎವಾಲ್ಡ್ ಮುಖವಿಡೀ ನಗುತ್ತ ನಮ್ಮ ಕಡೆ ತಿರುಗಿದ. ಅವನ ಮೊಣಕೈಯಿಂದ ಉಪ್ಪುನೀರು ಜಾರಿ, ಟ್ರೂಡೆಯ ತಾಯಿಯ ಜಮಖಾನದ ಮೇಲೆ ಬಿತ್ತು. ಒಂದು ತೊಟ್ಟಲ್ಲ, ಸಾಲಾಗಿ.

ನಾನು ನೋಡಿದೆ. ಟ್ರೂಡೆಯೂ ನೋಡಿದಳು. ಅವಳು ಮೆಲ್ಲಗೆ ಕಾಲು ಚಾಚಿ ಆ ಒದ್ದೆಯ ಮೇಲೆ ತನ್ನ ಚಪ್ಪಲಿಯಿಟ್ಟಳು, ಬ್ರೂನೋನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು.